ಎರಡು ಚಿತ್ರ, ಒಂದೇ ನೋಟ: ಚಾರ್ಲ್ಸ್ ವೀಟ್‌ಸ್ಟನ್

ಮಕ್ಕಳೇ, ಅಂಗಳಕ್ಕೆ ಬನ್ನಿ. ದೂರದಲ್ಲೊಂದು ಅಡಿಕೆ ಮರ ಕಾಣಬೇಕು. ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ಕಡೆಯವರಿಗೆ ಅದನ್ನು ಹುಡುಕುವ ಕಷ್ಟವೇ ಇಲ್ಲ! ಮುಖದ ಮುಂದೆ ಒಂದು ಬೆರಳನ್ನು ನೆಟ್ಟಗೆ ಹಿಡಿಯಿರಿ. ಎಡಗಣ್ಣು ಮುಚ್ಚಿ, ಬಲಗಣ್ಣಿಗೆ ಮರ ಬೆರಳಿನ ಮರೆಯಾಗುವಂತೆ ಮಾಡಿ. ಈಗ ಬಲಗಣ್ಣು ಮುಚ್ಚಿ ಎಡಗಣ್ಣು ತೆರೆಯಿರಿ. ಬೆರಳು ಬಲಕ್ಕೆ ಸರಿದಂತೆ ಕಂಡಿತಲ್ಲವೇ? ಬೆರಳೂ ಕದಲಲಿಲ್ಲ, ಮರವೂ ಕದಲಲಿಲ್ಲ. ನಿಮ್ಮ ಎರಡು ಕಣ್ಣುಗಳು ಕಾಣುವ ನೋಟವೇ ಬೇರೆ ಬೇರೆ.

ಈ ವ್ಯತ್ಯಾಸ ಹಿಂದಿನವರಿಗೂ ತಿಳಿದಿತ್ತು. ಆದರೆ ಇದರಿಂದಲೇ ನಮಗೆ ಉಬ್ಬು, ತಗ್ಗು, ಆಳ ಗೊತ್ತಾಗುತ್ತವೆ ಎಂದು ಪ್ರಯೋಗ ಮಾಡಿ ತೋರಿಸಿದವರು ಇಂಗ್ಲೆಂಡಿನ ಚಾರ್ಲ್ಸ್ ವೀಟ್‌ಸ್ಟನ್.

ಅವರು ಹುಟ್ಟಿದ್ದು 1802ರಲ್ಲಿ, ಗ್ಲಾಸ್ಟರ್ ಪಟ್ಟಣದ ಬಳಿ. ಮನೆತನದ ಕಸುಬು ಸಂಗೀತ ವಾದ್ಯಗಳ ವ್ಯಾಪಾರ. 14ನೇ ವಯಸ್ಸಿಗೆ ಲಂಡನ್ನಿನಲ್ಲಿ ಚಿಕ್ಕಪ್ಪನ ವಾದ್ಯದಂಗಡಿಗೆ ಕೆಲಸ ಕಲಿಯಲು ಸೇರಿದರು. ವಿಶ್ವವಿದ್ಯಾನಿಲಯದ ಪದವಿ ಇರಲಿಲ್ಲ. ಆದರೂ 1834ರಲ್ಲಿ ಲಂಡನ್ನಿನ ಕಿಂಗ್ಸ್ ಕಾಲೇಜಿನಲ್ಲಿ ಪ್ರಾಧ್ಯಾಪಕರಾದರು! ಒಂದೇ ತೊಂದರೆ, ಸಭೆಯಲ್ಲಿ ಮಾತನಾಡಲು ಅವರಿಗೆ ಬಲು ಸಂಕೋಚ. ಅವರ ಸಂಶೋಧನೆಗಳನ್ನು ಎಷ್ಟೋ ಸಲ ಗೆಳೆಯ ಮೈಕೆಲ್ ಫ್ಯಾರಡೆಯೇ ಜನರಿಗೆ ವಿವರಿಸಬೇಕಾಯಿತು.

1838ರಲ್ಲಿ ವೀಟ್‌ಸ್ಟನ್ ಲಂಡನ್ನಿನ ರಾಯಲ್ ಸೊಸೈಟಿಯ ಮುಂದೆ ಒಂದು ಉಪಕರಣದ ವಿವರ ಇಟ್ಟರು. ಎರಡು ಕನ್ನಡಿಗಳನ್ನು ಲಂಬಕೋನದಲ್ಲಿ ಜೋಡಿಸಿ, ಅವು ಕೂಡುವ ಅಂಚನ್ನು ಮೂಗಿನ ಎದುರಿಗೆ ಇಡಬೇಕು. ಎಡಕ್ಕೊಂದು, ಬಲಕ್ಕೊಂದು ಚಿತ್ರ. ಒಂದು ಎಡಗಣ್ಣಿಗೆ ಕಾಣುವಂತೆ, ಇನ್ನೊಂದು ಬಲಗಣ್ಣಿಗೆ ಕಾಣುವಂತೆ ಬರೆದದ್ದು. ಕನ್ನಡಿಯೊಳಗೆ ಇಣುಕಿದರೆ ಎರಡೂ ಕೂಡಿ ಒಂದಾಗಿ, ಚಪ್ಪಟೆ ಗೆರೆಗಳೆಲ್ಲ ಗಟ್ಟಿ ವಸ್ತುವಿನಂತೆ ಎದ್ದು ನಿಲ್ಲುತ್ತವೆ. ಇದೇ ಸ್ಟೀರಿಯೋಸ್ಕೋಪ್. ಛಾಯಾಚಿತ್ರ ತೆಗೆಯುವ ವಿಧಾನ ಲೋಕಕ್ಕೆ ತಿಳಿದದ್ದು ಮರುವರ್ಷ, 1839ರಲ್ಲಿ. ಆಗ ವೀಟ್‌ಸ್ಟನ್ ತಡಮಾಡದೆ ತಮ್ಮ ಉಪಕರಣಕ್ಕೆಂದು ಜೋಡಿ ಫೋಟೋಗಳನ್ನು ತೆಗೆಸಿದರು.

ಮುಂದೆ ಗಾಜಿನ ಮೇಲೆ ಕಪ್ಪು-ಬಿಳುಪು ಜೋಡಿ ಸ್ಲೈಡುಗಳು ಬಂದವು. ಇವನ್ನು ಬೆಳಕಿಗೆ ಹಿಡಿದು ನೋಡಬೇಕು. ಇಲ್ಲೊಂದು ತೊಡಕಿದೆ. ಒಂದೇ ಜಾಗ ಎಡ ಚಿತ್ರದಲ್ಲಿ ಬೆಳ್ಳಗೆ, ಬಲ ಚಿತ್ರದಲ್ಲಿ ಕಪ್ಪಗೆ ಇದ್ದರೆ ಅದು ತಿಕ್ಕಿದ ಲೋಹದಂತೆ ಮಿನುಗುತ್ತದೆ, ಕಣ್ಣು ದಣಿಯುತ್ತದೆ. ಹಾಗಾದರೆ ಎರಡೂ ಸಮನಾಗಿ ಬೆಳಗಿವೆಯೇ ಎಂದು ತಿಳಿಯುವುದು ಹೇಗೆ? ಈ ದೀಪ ಆ ದೀಪದ ಎಷ್ಟು ಪಟ್ಟು ಎಂದು ಕೇಳಿದರೆ ನಮ್ಮ ಕಣ್ಣು ತಪ್ಪು ಹೇಳುತ್ತದೆ. ಅಕ್ಕಪಕ್ಕದ ಎರಡು ಬೆಳಕು ಸಮವೇ ಎಂದು ಕೇಳಿ ನೋಡಿ, ಚೆನ್ನಾಗಿ ಹೇಳುತ್ತದೆ.

ಇದನ್ನು ನಂಬಿ ವೀಟ್‌ಸ್ಟನ್ ಬೆಳಕು ಅಳೆಯಲು ಒಂದು ಪುಟ್ಟ ಯಂತ್ರವನ್ನೂ ಮಾಡಿದರು. ಅದರಲ್ಲಿ ಹೊಳೆಯುವ ಮಣಿಯೊಂದು ವೇಗವಾಗಿ ಸುತ್ತುತ್ತದೆ. ಎರಡು ದೀಪಗಳ ನಡುವೆ ಹಿಡಿದರೆ ಎರಡು ಬೆಳಕಿನ ಗೆರೆಗಳು ಕಾಣುತ್ತವೆ. ಗೆರೆಗಳು ಸಮನಾಗುವವರೆಗೆ ಯಂತ್ರವನ್ನು ಆಚೀಚೆ ಸರಿಸಬೇಕು. ಆಗ ಒಂದು ದೀಪ ಇನ್ನೊಂದರ ಎರಡರಷ್ಟು ದೂರದಲ್ಲಿದ್ದರೆ ಅದರ ಶಕ್ತಿ ನಾಲ್ಕು ಪಟ್ಟು.

ಸ್ಟೀರಿಯೋಸ್ಕೋಪಿನ ಕೀರ್ತಿ ಮಾತ್ರ ಸುಲಭವಾಗಿ ದಕ್ಕಲಿಲ್ಲ. ಡೇವಿಡ್ ಬ್ರೂಸ್ಟರ್ ಎಂಬ ಹೆಸರಾಂತ ವಿಜ್ಞಾನಿ ಮಸೂರಗಳಿರುವ ಪುಟ್ಟ ಪೆಟ್ಟಿಗೆ ಮಾಡಿದ್ದರು. 1851ರ ಲಂಡನ್ ಮಹಾಪ್ರದರ್ಶನದ ಬಳಿಕ ಅದು ಮನೆಮನೆಗೂ ಹೋಯಿತು. ಮೊದಲು ಕಂಡುಹಿಡಿದವರು ವೀಟ್‌ಸ್ಟನ್ ಅಲ್ಲವೆಂದು ಬ್ರೂಸ್ಟರ್ ಪತ್ರಿಕೆಯಲ್ಲಿ ಜಗಳಕ್ಕೇ ನಿಂತರು. ತಮಾಷೆಯೆಂದರೆ, ದೊಡ್ಡ ತರಗತಿಗಳಲ್ಲಿ ನೀವು ಓದಲಿರುವ ‘ವೀಟ್‌ಸ್ಟನ್ ಸೇತುವೆ’ ಎಂಬ ವಿದ್ಯುತ್ ಜೋಡಣೆ ವೀಟ್‌ಸ್ಟನ್ನರದಲ್ಲ! ಅದು ಸ್ಯಾಮ್ಯುಯೆಲ್ ಕ್ರಿಸ್ಟಿಯವರದು ಎಂದು 1843ರಲ್ಲಿ ಅವರೇ ಬರೆದಿಟ್ಟಿದ್ದಾರೆ. ಜನ ಕೇಳಬೇಕಲ್ಲ!

ವೀಟ್‌ಸ್ಟನ್ 1875ರಲ್ಲಿ ಪ್ಯಾರಿಸ್ಸಿನಲ್ಲಿ ತೀರಿಕೊಂಡರು. ಮುಂದಿನ ಶತಮಾನದಲ್ಲಿ ನಕ್ಷೆ ಮಾಡುವವರು ವಿಮಾನದಿಂದ ತೆಗೆದ ಕಪ್ಪು-ಬಿಳುಪು ಜೋಡಿ ಫೋಟೋಗಳನ್ನು ಮೇಜಿನ ಮೇಲಿಟ್ಟು ನೋಡಿದ್ದು ಕನ್ನಡಿಯ ಸ್ಟೀರಿಯೋಸ್ಕೋಪಿನಲ್ಲೇ. ಅದರಲ್ಲಿ ಕಾಗದದ ಮೇಲಿನ ಬೆಟ್ಟ ಮೇಲೇಳುತ್ತದೆ, ಕಣಿವೆ ಕೆಳಗಿಳಿಯುತ್ತದೆ.