ಉಪ್ಪಿನ ಒಳಗನ್ನು ತೆರೆದು ತೋರಿಸಿದ ಹಂಫ್ರಿ ಡೇವಿ

ಸಿಂಧನೂರು ತಾಲ್ಲೂಕಿನ ಗೊರೇಬಾಳದ ಸುತ್ತಮುತ್ತ ಎತ್ತ ನೋಡಿದರೂ ಭತ್ತದ ಗದ್ದೆಗಳು. ತುಂಗಭದ್ರಾ ಎಡದಂಡೆ ಕಾಲುವೆ ತಂದ ಹಸಿರು ಇದು. ಆದರೆ ಬೇಸಿಗೆಯಲ್ಲಿ ಈ ಸೀಮೆಯ ಕೆಲವು ಹೊಲಗಳ ಎರೆಮಣ್ಣಿನ ಮೇಲೆ ಬಿಳಿ ಪುಡಿ ಎದ್ದು ಕಾಣುತ್ತದೆ. ರೈತರು ಇದನ್ನು ಸವಳು ಎನ್ನುತ್ತಾರೆ. ಸವಳು ಹೆಚ್ಚಾದ ಹೊಲದಲ್ಲಿ ಬೀಜ ಮೊಳೆಯುವುದೇ ಕಷ್ಟ.

ಹೊಲದ ಸವಳು, ಅಡುಗೆಮನೆಯ ಉಪ್ಪು, ಬಜ್ಜಿ ಹಿಟ್ಟಿಗೆ ಹಾಕುವ ಅಡುಗೆ ಸೋಡಾ, ಬಟ್ಟೆ ಒಗೆಯುವ ಸೋಡಾ, ನೀರಿನ ಟ್ಯಾಂಕಿಗೆ ಹಾಕುವ ಬ್ಲೀಚಿಂಗ್ ಪೌಡರ್. ಇವುಗಳಿಗೆಲ್ಲ ಏನು ಸಂಬಂಧ? ಸೋಡಾಗಳಲ್ಲಿ ಸೋಡಿಯಂ ಇದೆ, ಬ್ಲೀಚಿಂಗ್ ಪೌಡರ್‌ನಲ್ಲಿ ಕ್ಲೋರಿನ್ ಇದೆ, ಉಪ್ಪಿನಲ್ಲಿ ಎರಡೂ ಇವೆ. ಸೋಡಿಯಂ, ಕ್ಲೋರಿನ್ ಎಂಬ ಹೆಸರುಗಳನ್ನು ಕೊಟ್ಟವನು ಒಬ್ಬನೇ ವ್ಯಕ್ತಿ. ಅವನೇ ಹಂಫ್ರಿ ಡೇವಿ. ಅವನ ಬದುಕಿನ ಜೊತೆಗೆ ಉಪ್ಪಿನ ಕಥೆಯನ್ನೂ ನಾವು ಇಲ್ಲಿ ನೋಡೋಣ.

ಔಷಧಿ ಅಂಗಡಿಯಿಂದ ಲಂಡನ್‌ಗೆ

ಡೇವಿ ಹುಟ್ಟಿದ್ದು 1778ರ ಡಿಸೆಂಬರ್ 17ರಂದು, ಇಂಗ್ಲೆಂಡಿನ ಕಾರ್ನ್‌ವಾಲ್ ಸೀಮೆಯ ಪೆನ್ಜಾನ್ಸ್ ಎಂಬ ಕಡಲತೀರದ ಊರಿನಲ್ಲಿ. ತಂದೆ ಮರದ ಕೆತ್ತನೆ ಕೆಲಸದವರು. 1794ರಲ್ಲಿ ತಂದೆ ತೀರಿಕೊಂಡರು. ಮರುವರ್ಷ ಹುಡುಗ ಊರಿನ ಒಬ್ಬ ವೈದ್ಯರ ಬಳಿ ಕೆಲಸ ಕಲಿಯಲು ಸೇರಿದ. ಔಷಧಿ ಅರೆಯುತ್ತ, ಬೆರೆಸುತ್ತ ರಸಾಯನಶಾಸ್ತ್ರದ ಹುಚ್ಚು ಹಿಡಿಯಿತು. ವಿಶ್ವವಿದ್ಯಾಲಯದ ಮೆಟ್ಟಿಲನ್ನು ಅವನು ಹತ್ತಲೇ ಇಲ್ಲ.

1798ರಲ್ಲಿ ಬ್ರಿಸ್ಟಲ್‌ನ ಸಂಸ್ಥೆಯೊಂದಕ್ಕೆ ಸೇರಿದ. ಅನಿಲಗಳಿಂದ ರೋಗ ವಾಸಿ ಮಾಡಬಹುದೇ ಎಂದು ಪರೀಕ್ಷಿಸುವುದು ಅಲ್ಲಿನ ಕೆಲಸ. ಡೇವಿ ಅನಿಲಗಳನ್ನು ತಾನೇ ಉಸಿರಾಡಿ ನೋಡುತ್ತಿದ್ದ, ಜೀವಕ್ಕೇ ಅಪಾಯ ತಂದುಕೊಂಡದ್ದೂ ಉಂಟು. ನಗೆ ಅನಿಲ ಎಂದು ಕರೆಯುವ ನೈಟ್ರಸ್ ಆಕ್ಸೈಡ್ ನೋವನ್ನು ಮರೆಸುತ್ತದೆ, ಶಸ್ತ್ರಚಿಕಿತ್ಸೆಗೆ ಉಪಯೋಗವಾದೀತು ಎಂದು 1800ರಲ್ಲೇ ಬರೆದ. ವೈದ್ಯರು ಅದನ್ನು ಬಳಸಲು ಮುಂದೆ ನಾಲ್ಕು ದಶಕವೇ ಬೇಕಾಯಿತು.

1801ರಲ್ಲಿ ಲಂಡನ್‌ನ ರಾಯಲ್ ಇನ್‌ಸ್ಟಿಟ್ಯೂಷನ್ ಅವನನ್ನು ಕರೆಸಿಕೊಂಡಿತು. ಅವನ ವಿಜ್ಞಾನ ಉಪನ್ಯಾಸಗಳಿಗೆ ನಾಟಕಕ್ಕೆ ಸೇರುವಂತೆ ಜನ ಸೇರುತ್ತಿದ್ದರು.

ಬ್ಯಾಟರಿಯಿಂದ ಹೊರಬಂದ ಲೋಹ

ಆಗಷ್ಟೇ ಇಟಲಿಯ ವೋಲ್ಟಾ ಬ್ಯಾಟರಿಯನ್ನು ಕಂಡುಹಿಡಿದಿದ್ದ. ಡೇವಿ ದೊಡ್ಡ ಬ್ಯಾಟರಿ ಕಟ್ಟಿಸಿ, ಆವರೆಗೆ ಯಾರೂ ಒಡೆಯಲಾಗದ ವಸ್ತುಗಳ ಮೇಲೆ ವಿದ್ಯುತ್ ಹರಿಸಿದ. ಮೊದಲು ಕಾಸ್ಟಿಕ್ ಪೊಟ್ಯಾಷ್ ಅನ್ನು ನೀರಿನಲ್ಲಿ ಕರಗಿಸಿ ನೋಡಿದ. ಒಡೆದದ್ದು ನೀರು ಮಾತ್ರ. ಆಮೇಲೆ ನೀರು ಬಿಟ್ಟು, ಪೊಟ್ಯಾಷ್ ಗಟ್ಟಿಯನ್ನು ಗಾಳಿಯ ತೇವಕ್ಕೆ ತುಸುವೇ ಒದ್ದೆಯಾಗಲು ಬಿಟ್ಟು ವಿದ್ಯುತ್ ಹರಿಸಿದ. 1807ರ ಅಕ್ಟೋಬರ್‌ನಲ್ಲಿ ಪಾದರಸದಂತೆ ಹೊಳೆಯುವ ಹನಿಗಳು ಕಾಣಿಸಿಕೊಂಡವು, ಕೆಲವು ಹೊತ್ತಿ ಉರಿದವು. ಅದು ಪೊಟ್ಯಾಸಿಯಂ. ಡೇವಿ ಸಂತೋಷಕ್ಕೆ ಪ್ರಯೋಗಾಲಯದಲ್ಲೇ ಕುಣಿದನಂತೆ. ಕೆಲವೇ ದಿನಗಳಲ್ಲಿ ಕಾಸ್ಟಿಕ್ ಸೋಡಾದಿಂದ ಸೋಡಿಯಂ ಹೊರಬಂತು. ಮರುವರ್ಷ ಕ್ಯಾಲ್ಸಿಯಂ, ಮೆಗ್ನೀಸಿಯಂ ಮುಂತಾದವನ್ನೂ ಬೇರ್ಪಡಿಸಿದ. ಆಗ ಇಂಗ್ಲೆಂಡಿಗೂ ಫ್ರಾನ್ಸಿಗೂ ಯುದ್ಧ ನಡೆಯುತ್ತಿತ್ತು. ಆದರೂ ಅವನ ವಿದ್ಯುತ್ ಸಂಶೋಧನೆಗೆ ಫ್ರಾನ್ಸ್ ಬಹುಮಾನ ಕೊಟ್ಟಿತು.

ಉಪ್ಪಿನ ಇನ್ನರ್ಧ ಕ್ಲೋರಿನ್. ಈ ಹಸಿರು-ಹಳದಿ ಅನಿಲವನ್ನು 1774ರಲ್ಲೇ ಷೀಲೆ ತಯಾರಿಸಿದ್ದ. ಆದರೆ ಇದರೊಳಗೆ ಆಕ್ಸಿಜನ್ ಅಡಗಿದೆ ಎಂದು ಎಲ್ಲರೂ ನಂಬಿದ್ದರು. ಡೇವಿ ಕಾದು ಬೆಳ್ಳಗಾದ ಇದ್ದಿಲನ್ನು ಇದಕ್ಕೆ ಒಡ್ಡಿ ನೋಡಿದ. ಆಕ್ಸಿಜನ್ ಇದ್ದಿದ್ದರೆ ಇದ್ದಿಲು ಅದನ್ನು ಎಳೆದುಕೊಳ್ಳಬೇಕಿತ್ತು. ಏನೂ ಆಗಲಿಲ್ಲ. ಹಾಗಾಗಿ ಇದೇ ಒಂದು ಮೂಲವಸ್ತು ಎಂದು 1810ರಲ್ಲಿ ಸಾರಿ, ಬಣ್ಣವನ್ನೇ ಸೂಚಿಸುವ ಗ್ರೀಕ್ ಪದದಿಂದ ಹೆಸರಿಟ್ಟ.

ಎರಡು ಅಪಾಯ ಸೇರಿ ಊಟದ ಉಪ್ಪು ಹೇಗೆ?

ಸೋಡಿಯಂ ನೀರಿಗೆ ಬಿದ್ದರೆ ಸಿಡಿಯುತ್ತದೆ. ಕ್ಲೋರಿನ್ ಉಸಿರಿಗೆ ವಿಷ. ಇವು ಕೂಡಿದಾಗ ಸೋಡಿಯಂ ಪರಮಾಣು ತನ್ನ ಒಂದು ಎಲೆಕ್ಟ್ರಾನನ್ನು ಕ್ಲೋರಿನ್‌ಗೆ ಬಿಟ್ಟುಕೊಡುತ್ತದೆ. ಆಗ ಎರಡೂ ಅಯಾನುಗಳಾಗಿ ಶಾಂತವಾಗುತ್ತವೆ. ಬ್ಯಾಟರಿ ಮಾಡಿದ್ದು ಇದರ ತಿರುಗುಮುರುಗು ಕೆಲಸ, ಅಂದರೆ ಎಲೆಕ್ಟ್ರಾನನ್ನು ಸೋಡಿಯಂಗೆ ವಾಪಸ್ ಕೊಟ್ಟಿತು. ಎಲೆಕ್ಟ್ರಾನ್ ಪತ್ತೆಯಾದದ್ದು 1897ರಲ್ಲಿ, ಡೇವಿಗೆ ಈ ವಿವರ ಗೊತ್ತಿರಲಿಲ್ಲ.

ಕೆಮಿಕಲ್ ಇಲ್ಲದ ಉಪ್ಪು ಎಂದು ಕೆಲವರು ಸೈಂಧವ ಲವಣ ಕೊಳ್ಳುತ್ತಾರೆ. ಗೋಕರ್ಣದ ಸಾಣಿಕಟ್ಟಾದ ಗದ್ದೆಯ ಉಪ್ಪಾಗಲಿ, ಗಣಿಯ ಸೈಂಧವವಾಗಲಿ, ಪ್ಯಾಕೆಟ್ ಪುಡಿಯಾಗಲಿ, ಬಹುಪಾಲು ಸೋಡಿಯಂ ಕ್ಲೋರೈಡೇ. ತೂಕದಲ್ಲಿ ಸುಮಾರು 39 ಪಾಲು ಸೋಡಿಯಂ, 61 ಪಾಲು ಕ್ಲೋರಿನ್. ರಕ್ತದೊತ್ತಡ ಇರುವವರು ಉಪ್ಪಿನ ಬಣ್ಣ ಬದಲಿಸಿದರೆ ಸಾಲದು, ಅಳತೆ ಇಳಿಸಬೇಕು. ದಿನಕ್ಕೆ 5 ಗ್ರಾಂಗಿಂತ ಕಡಿಮೆ ಎನ್ನುವುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಅಯೋಡಿನ್ ಸೇರಿಸದ ಉಪ್ಪನ್ನೇ ತಿನ್ನುವವರು ಥೈರಾಯ್ಡ್‌ಗೆ ಬೇಕಾದ ಅಯೋಡಿನ್ ಎಲ್ಲಿಂದ ಸಿಗುತ್ತದೆ ಎಂದೂ ಯೋಚಿಸಬೇಕು.

ಹೊಲಕ್ಕೆ ಇಳಿದ ರಸಾಯನಶಾಸ್ತ್ರ

ಡೇವಿ ಸುಮಾರು ಹತ್ತು ವರ್ಷ ಕೃಷಿ ರಸಾಯನಶಾಸ್ತ್ರದ ಬಗ್ಗೆ ಉಪನ್ಯಾಸ ಕೊಟ್ಟ, 1813ರಲ್ಲಿ ಅವು ಪುಸ್ತಕವಾದವು. ನೋಡಲು ಚೆನ್ನಾಗಿದ್ದರೂ ಏನೂ ಬೆಳೆಯದ ಲಿಂಕನ್‌ಷೈರ್‌ನ ಮಣ್ಣೊಂದನ್ನು ಜೋಸೆಫ್ ಬ್ಯಾಂಕ್ಸ್ ಅವನಿಗೆ ಕೊಟ್ಟಿದ್ದರು. ಪರೀಕ್ಷಿಸಿದಾಗ ಅದರಲ್ಲಿ ಕಬ್ಬಿಣದ ಸಲ್ಫೇಟ್ ಸಿಕ್ಕಿತು. ಡೇವಿ ಸೂಚಿಸಿದ ಮದ್ದು ಸುಣ್ಣ. ಕೆಡುಕಿನ ಲವಣ ಸುಣ್ಣದ ಜೊತೆ ಸೇರಿ ಜಿಪ್ಸಂ ಆಗುತ್ತದೆ. ಮೊದಲು ಪರೀಕ್ಷೆ, ಆಮೇಲೆ ಮದ್ದು ಎನ್ನುವುದು ಅವನ ದಾರಿ.

ಗೊರೇಬಾಳದ ಸೀಮೆಗೂ ಇದೇ ದಾರಿ ಬೇಕು. ನಮ್ಮ ರೈತರು ಸವಳು ಎನ್ನುವುದರಲ್ಲಿ ಎರಡು ಬಗೆ. ಒಂದರಲ್ಲಿ ಕರಗುವ ಲವಣಗಳು ಹೆಚ್ಚು. ಒಳ್ಳೆಯ ನೀರು ಕಟ್ಟಿ ತೊಳೆದು, ಬಸಿಗಾಲುವೆಯಿಂದ ಹೊರಗೆ ಹಾಯಿಸಿದರೆ ಇದು ಸುಧಾರಿಸುತ್ತದೆ. ಇನ್ನೊಂದರಲ್ಲಿ ಸೋಡಿಯಂ ಜೇಡಿಕಣಗಳಿಗೇ ಅಂಟಿರುತ್ತದೆ. ಮಣ್ಣು ಕಟ್ಟಿಕೊಂಡು ನೀರು ಇಂಗುವುದಿಲ್ಲ. ಇದಕ್ಕೆ ಜಿಪ್ಸಂ ಬೇಕು. ಜಿಪ್ಸಂನ ಕ್ಯಾಲ್ಸಿಯಂ ಸೋಡಿಯಂ ಅನ್ನು ಹೊರದಬ್ಬುತ್ತದೆ, ಆಮೇಲೆ ಅದನ್ನು ತೊಳೆದು ಕಳಿಸಬಹುದು. ಬಸಿಗಾಲುವೆಯೇ ಇಲ್ಲದೆ ಬರೀ ನೀರು ಕಟ್ಟಿದರೆ ಅಂತರ್ಜಲ ಮೇಲೇರುತ್ತದೆ, ನೀರು ಆವಿಯಾಗಿ ಉಪ್ಪು ಮತ್ತೆ ಮೇಲೆಯೇ ಉಳಿಯುತ್ತದೆ.

ಕಡಲ ಉಪ್ಪಿನ ಎದುರು ಸೋಲು

1812ರಲ್ಲಿ ಕ್ಲೋರಿನ್‌ನ ಸಂಯುಕ್ತವೊಂದು ಸಿಡಿದು ಡೇವಿಯ ಕಣ್ಣಿಗೆ ಪೆಟ್ಟಾಯಿತು. ಮರುವರ್ಷ ಅವನ ಸಹಾಯಕನಾಗಿ ಸೇರಿದ ಬಡ ಹುಡುಗನೇ ಮೈಕೆಲ್ ಫ್ಯಾರಡೆ. 1815ರಲ್ಲಿ ಗಣಿ ಕಾರ್ಮಿಕರಿಗಾಗಿ ಸುರಕ್ಷಿತ ದೀಪ ಮಾಡಿದ ಡೇವಿ, ಅದಕ್ಕೆ ಪೇಟೆಂಟ್ ಪಡೆಯಲಿಲ್ಲ.

1824ರಲ್ಲಿ ಹಡಗುಗಳ ತಾಮ್ರದ ಹೊದಿಕೆಯನ್ನು ಉಪ್ಪುನೀರು ತಿನ್ನದಂತೆ ಕಬ್ಬಿಣದ ತುಂಡುಗಳನ್ನು ಜೋಡಿಸಿದ. ತಾಮ್ರವೇನೋ ಉಳಿಯಿತು. ಆದರೆ ತಾಮ್ರ ಕರಗದಿದ್ದರಿಂದ ಚಿಪ್ಪುಜೀವಿಗಳು ಅದಕ್ಕೆ ಮೆತ್ತಿಕೊಂಡು ಹಡಗುಗಳು ನಿಧಾನವಾದವು. ಯೋಜನೆ ಕೈಬಿಡಬೇಕಾಯಿತು, ಟೀಕೆ ಕೇಳಬೇಕಾಯಿತು. ಆದರೂ ಅದೇ ತತ್ವದಿಂದ ಇಂದು ಹಡಗುಗಳ, ಕೊಳವೆಗಳ ಉಕ್ಕನ್ನು ತುಕ್ಕಿನಿಂದ ಕಾಯುತ್ತಾರೆ.

ಪಾರ್ಶ್ವವಾಯು ಬಡಿದು ಆರೋಗ್ಯ ಕೆಟ್ಟ ಡೇವಿ 1829ರ ಮೇ 29ರಂದು ಜಿನೀವಾದಲ್ಲಿ ತೀರಿಕೊಂಡ. ಆಗ ಅವನಿಗೆ ಐವತ್ತು ವರ್ಷ.

ನಿಮ್ಮ ಹೊಲದಲ್ಲೂ ಬಿಳಿ ಪುಡಿ ಎದ್ದಿದ್ದರೆ ಜಿಪ್ಸಂ ಚೀಲ ಕೊಳ್ಳುವ ಮೊದಲು ಒಂದು ಹಿಡಿ ಮಣ್ಣನ್ನು ಮಣ್ಣು ಪರೀಕ್ಷಾ ಕೇಂದ್ರಕ್ಕೆ ಕೊಡಿ. ಎರಡು ಬಗೆಯ ಸವಳಿಗೆ ಎರಡು ಬಗೆಯ ಮದ್ದು. ಯಾವುದು ನಿಮ್ಮದು ಎಂದು ಬರೀ ಕಣ್ಣಿನಿಂದ ಹೇಳಲಾಗದು.