ಪ್ಲೇಗಿಗೆ ಸೂಜಿ ತಂದ ಹಾಫ್‌ಕಿನ್: ಹುಬ್ಬಳ್ಳಿ ನಂಬಿತು, ಸರ್ಕಾರ ಕೈಬಿಟ್ಟಿತು

ಹುಬ್ಬಳ್ಳಿ-ಧಾರವಾಡ ಸೀಮೆಯ ಹಳೇ ಮನೆತನಗಳಲ್ಲಿ ಪ್ಲೇಗಿನ ಮಾತು ಈಗಲೂ ಬರುತ್ತದೆ. ಮನೆಯಲ್ಲಿ ಇಲಿ ಸತ್ತು ಬಿದ್ದರೆ ಸಾಕು, ಜನ ಬೀಗ ಹಾಕಿ, ದನಕರು ಹೊಡ್ಕೊಂಡು ಊರು ಬಿಡೋರು. ಹೊಲದಲ್ಲಿ ಗುಡಿಸಲು ಹಾಕ್ಕೊಂಡು ತಿಂಗಳುಗಟ್ಟಲೆ ಇರೋರು. ಬೆಂಗಳೂರಿನಲ್ಲಿ ಪ್ಲೇಗಮ್ಮನಿಗೆ ಗುಡಿಯೇ ಎದ್ದಿತು. ಆದರೆ ಈ ರೋಗಕ್ಕೆ ಲಸಿಕೆ ತಯಾರಿಸಿ, ಮೊದಲು ತಮ್ಮ ಮೈಗೇ ಚುಚ್ಚಿಕೊಂಡ ವಾಲ್ಡೆಮಾರ್ ಹಾಫ್‌ಕಿನ್ ಅವರ ಹೆಸರು ಗೊತ್ತಿರುವವರು ಕಡಿಮೆ.

ಒಡೆಸ್ಸಾದಿಂದ ಕಲ್ಕತ್ತಾಕ್ಕೆ

ಹಾಫ್‌ಕಿನ್ ಹುಟ್ಟಿದ್ದು 1860ರಲ್ಲಿ, ಆಗ ರಷ್ಯಾ ಸಾಮ್ರಾಜ್ಯದಲ್ಲಿದ್ದ ಒಡೆಸ್ಸಾ ಪಟ್ಟಣದಲ್ಲಿ, ಯಹೂದಿ ಕುಟುಂಬದಲ್ಲಿ. ಓದಿನಲ್ಲಿ ಮುಂದಿದ್ದರು. ಆದರೆ ಯಹೂದಿಗಳಿಗೆ ಅಲ್ಲಿ ಪ್ರಾಧ್ಯಾಪಕ ಹುದ್ದೆ ಸಿಗುತ್ತಿರಲಿಲ್ಲ. ಮತ ಬದಲಿಸಿದರೆ ದಾರಿ ಇತ್ತು, ಅವರು ಒಪ್ಪಲಿಲ್ಲ. 1888ರಲ್ಲಿ ದೇಶ ಬಿಟ್ಟು ಜಿನೀವಾಕ್ಕೆ, ಮರುವರ್ಷ ಪ್ಯಾರಿಸ್ಸಿಗೆ ಹೋದರು. ಲೂಯಿ ಪಾಶ್ಚರ್ ಅವರ ಸಂಸ್ಥೆಯಲ್ಲಿ ಮೊದಲು ಸಿಕ್ಕಿದ್ದು ಗ್ರಂಥಾಲಯದ ಸಹಾಯಕನ ಕೆಲಸ. ಬಿಡುವಿನ ವೇಳೆಯಲ್ಲಿ ಪ್ರಯೋಗಾಲಯಕ್ಕೆ ಹೋಗಿ ಕಾಲರಾ ರೋಗಾಣುವಿನ ಬೆನ್ನು ಹತ್ತಿದರು. 1892ರ ಜುಲೈ 18ರಂದು ತಾವು ಮಾಡಿದ ಕಾಲರಾ ಲಸಿಕೆಯನ್ನು ತಮಗೇ ಚುಚ್ಚಿಕೊಂಡರು. ಜ್ವರ ಬಂತು, ಹೋಯ್ತು.

1893ರ ಮಾರ್ಚಿನಲ್ಲಿ ಕಲ್ಕತ್ತಾಕ್ಕೆ ಬಂದಿಳಿದರು. ಕೆರೆ ನೀರನ್ನೇ ಕುಡಿಯೋದಕ್ಕೂ ತೊಳೆಯೋದಕ್ಕೂ ಬಳಸುತ್ತಿದ್ದ ಬಸ್ತಿಗಳಲ್ಲಿ ಕಾಲರಾ ಪ್ರತಿ ವರ್ಷದ ಅತಿಥಿ. ಪರದೇಶದ ಮನುಷ್ಯ ಸೂಜಿ ಹಿಡ್ಕೊಂಡು ಬಂದರೆ ಯಾರು ತೋಳು ಕೊಡುತ್ತಾರೆ? ಅದಕ್ಕೇ ಭಾರತೀಯ ವೈದ್ಯರನ್ನು ಜೊತೆಗೆ ಕರ್ಕೊಂಡು ಬಸ್ತಿ ಬಸ್ತಿ ತಿರುಗಿದರು. ಬಲವಂತ ಬೇಡ, ಒಪ್ಪಿದವರಿಗೆ ಮಾತ್ರ ಎಂಬುದು ಅವರ ಪದ್ಧತಿ. ಎರಡೂವರೆ ವರ್ಷದಲ್ಲಿ ಸುಮಾರು 42,000 ಜನ ಒಪ್ಪಿದರು. ಅಷ್ಟರಲ್ಲಿ ಮಲೇರಿಯಾ ಅವರನ್ನೇ ಹಿಡಿಯಿತು. ವಾಪಸ್ ಹೋಗಿ, ಸುಧಾರಿಸಿಕೊಂಡು ಮತ್ತೆ ಬಂದರು.

ಒಂದು ಕೋಣೆ, ಒಂದು ಪಡಸಾಲೆ

1896ರ ಸೆಪ್ಟೆಂಬರಿನಲ್ಲಿ ಬೊಂಬಾಯಿಯಲ್ಲಿ ಪ್ಲೇಗು ಕಾಣಿಸಿತು. ಅಕ್ಟೋಬರಿನಲ್ಲಿ ಸರ್ಕಾರ ಹಾಫ್‌ಕಿನ್ ಅವರನ್ನು ಅಲ್ಲಿಗೆ ಕಳಿಸಿತು. ಗ್ರಾಂಟ್ ಮೆಡಿಕಲ್ ಕಾಲೇಜಿನಲ್ಲಿ ಕೊಟ್ಟದ್ದು ಒಂದು ಕೋಣೆ, ಒಂದು ಪಡಸಾಲೆ. ಕೈಕೆಳಗೆ ಒಬ್ಬ ಗುಮಾಸ್ತ, ಮೂವರು ಜವಾನರು.

ಗೋಮಾಂಸದ ರಸ, ಹಂದಿಮಾಂಸದ ರಸ ಬಳಸಿದರೆ ಹಿಂದೂಗಳೂ ಮುಸ್ಲಿಮರೂ ಸೂಜಿ ಮುಟ್ಟುವುದಿಲ್ಲ ಎಂದು ತಿಳಿದು, ಆಡಿನ ಮಾಂಸದ ರಸದಲ್ಲಿ ರೋಗಾಣು ಬೆಳೆಸಿದರು. ರಸದ ಮೇಲೆ ತುಪ್ಪದ ಹನಿ ತೇಲಿಬಿಡುತ್ತಿದ್ದರು. ಆ ಹನಿಗೆ ಜೋತುಬಿದ್ದು ರೋಗಾಣುಗಳು ಬೆಳೆಯುತ್ತಿದ್ದವು. ಆಮೇಲೆ ಕಾಯಿಸಿ ಅವನ್ನು ಕೊಂದರೆ ಲಸಿಕೆ ಸಿದ್ಧ. 1897ರ ಜನವರಿ 10ರಂದು ಅದನ್ನೂ ಮೊದಲು ತಮಗೇ ಚುಚ್ಚಿಕೊಂಡರು. ತಿಂಗಳ ಕೊನೆಗೆ ಬೈಕುಲ್ಲಾ ಜೈಲಿನಲ್ಲಿ ಪ್ಲೇಗು ಹೊಕ್ಕಾಗ ಒಪ್ಪಿದ ಕೈದಿಗಳಿಗೆ ಕೊಟ್ಟರು. ಸೂಜಿ ಬೇಡ ಅಂದವರಿಗಿಂತ ಇವರು ಚೆನ್ನಾಗಿ ಉಳಿದರು.

ಹೊರಗೆ ಸರ್ಕಾರದ ವರಸೆ ಬೇರೆಯೇ ಇತ್ತು. ಅದೇ ವರ್ಷ ಸಾಂಕ್ರಾಮಿಕ ರೋಗಗಳ ಕಾಯ್ದೆ ಬಂತು. ಮನೆಗೆ ನುಗ್ಗಿ ತಪಾಸಣೆ, ರೋಗಿಯನ್ನು ಹೊತ್ತೊಯ್ಯುವುದು, ಸಾಮಾನು ಸುಡುವುದು ನಡೆಯಿತು. ಪುಣೆಯಲ್ಲಿ ಸೈನಿಕರನ್ನು ಮನೆಯೊಳಗೆ ಬಿಟ್ಟದ್ದರ ಸಿಟ್ಟಿಗೆ, ಜೂನ್ 22ರಂದು ಪ್ಲೇಗ್ ಅಧಿಕಾರಿ ರ್‍ಯಾಂಡ್ ಮೇಲೆ ಚಾಪೇಕರ್ ಸೋದರರು ಗುಂಡು ಹಾರಿಸಿದರು. ಜನ ರೋಗಕ್ಕಿಂತ ಪ್ಲೇಗ್ ಅಧಿಕಾರಿಗಳಿಗೇ ಹೆಚ್ಚು ಹೆದರುವ ಹೊತ್ತಿನಲ್ಲಿ ಹಾಫ್‌ಕಿನ್ ಸೂಜಿಗೆ ಜನರನ್ನು ಒಪ್ಪಿಸಬೇಕಿತ್ತು. ಬೊಂಬಾಯಿಯಲ್ಲಿ ಆಗಾ ಖಾನ್ ಎಲ್ಲರೆದುರು ಸೂಜಿ ಮಾಡಿಸಿಕೊಂಡು ತಮ್ಮ ಸಮುದಾಯಕ್ಕೆ ಧೈರ್ಯ ತುಂಬಿದರು, ಪ್ರಯೋಗಾಲಯಕ್ಕೆ ತಮ್ಮ ಬಂಗಲೆಯನ್ನೂ ಬಿಟ್ಟುಕೊಟ್ಟರು.

ಹುಬ್ಬಳ್ಳಿಯ ಪಾಲು

ಆಗ ಬೊಂಬಾಯಿ ಪ್ರಾಂತ್ಯದಲ್ಲಿದ್ದ ಹುಬ್ಬಳ್ಳಿ ಸುಮಾರು 50 ಸಾವಿರ ಜನರ ಊರು. ಅರಳೆ, ಕಾಳು, ಬಟ್ಟೆ ವ್ಯಾಪಾರದ ಪೇಟೆ, ರೈಲು ಜಂಕ್ಷನ್. ಪ್ಲೇಗಿಗೆ ಇದಕ್ಕಿಂತ ಅನುಕೂಲ ಇನ್ನೇನು ಬೇಕು? ಇಲಿಯ ಮೈಮೇಲಿನ ಚಿಗಟದಿಂದ ರೋಗ ಮನುಷ್ಯರಿಗೆ ಹತ್ತುತ್ತದೆ ಎಂದು ಪಾಲ್ ಲೂಯಿ ಸಿಮೊಂಡ್ ಕಂಡುಕೊಂಡಿದ್ದು 1898ರಲ್ಲಿ. ಆಮೇಲೂ ಬಹಳ ಜನ ನಂಬಲಿಲ್ಲ. ಕಾಳಿನ ಗೋದಾಮಿನಲ್ಲಿ ಇಲಿ, ಇಲಿಯ ಮೈಮೇಲೆ ಚಿಗಟ, ಮೂಟೆಯ ಜೊತೆ ಎರಡೂ ಊರೂರಿಗೆ ಹೋಗುತ್ತಿದ್ದವು.

1898ರಲ್ಲಿ ಹುಬ್ಬಳ್ಳಿಯಲ್ಲಿ ಹತ್ತಾರು ಸಾವಿರ ಜನ ಹಾಫ್‌ಕಿನ್ ಲಸಿಕೆ ಹಾಕಿಸಿಕೊಂಡರು. ಒಂದೇ ಊರಿನಲ್ಲಿ ಇಷ್ಟು ಮಂದಿ ತೋಳು ಕೊಟ್ಟದ್ದು ಆ ಕಾಲಕ್ಕೆ ದೊಡ್ಡ ಸಂಗತಿ. ಸೂಜಿ ಅಂದ್ರೆ ಈಗಿನಂತೆ ಸಣ್ಣ ಚುಚ್ಚು ಅಲ್ಲ, ತೋಳು ಬಾವು ಬಂದು, ಮೈ ಕಾದು, ದುಡಿಮೆ ತಪ್ಪುತ್ತಿತ್ತು. ಆದರೂ ಬಂದರು. ಸೂಜಿ ಮಾಡಿಸಿಕೊಂಡವರಲ್ಲಿ ಸತ್ತವರು ಬೇಡ ಅಂದವರಿಗಿಂತ ಬಹಳ ಕಡಿಮೆ. ಹುಬ್ಬಳ್ಳಿ, ಧಾರವಾಡದ ಲೆಕ್ಕವೇ ಮುಂದೆ ಈ ಲಸಿಕೆಯ ಪರವಾಗಿ ದೊಡ್ಡ ಸಾಕ್ಷಿಯಾಯಿತು.

ಅದೇ ವರ್ಷದ ಆಗಸ್ಟಿನಲ್ಲಿ ರೋಗ ರೈಲು ಹತ್ತಿ ಬೆಂಗಳೂರು ತಲುಪಿತು. ಕಿಕ್ಕಿರಿದ ಪೇಟೆ ಬಿಟ್ಟು ಗಾಳಿ ಬೆಳಕಿನ ಬಡಾವಣೆ ಬೇಕೆಂಬ ಮಾತು ಅಲ್ಲಿ ಜೋರಾಯಿತು. ಮಲ್ಲೇಶ್ವರ, ಬಸವನಗುಡಿ ಬೆಳೆದದ್ದು ಆ ಹೊತ್ತಿನಲ್ಲೇ.

ಬಾಟಲಿ ನಂಬರ್ 53

1899ರಲ್ಲಿ ಪ್ರಯೋಗಾಲಯ ಬೊಂಬಾಯಿಯ ಪರೇಲ್‌ನಲ್ಲಿದ್ದ ಹಳೇ ಸರ್ಕಾರಿ ಭವನಕ್ಕೆ ಹೋಯಿತು. ಅಲ್ಲಿಂದ ದೇಶದ ಎಲ್ಲ ಕಡೆಗೆ ಲಸಿಕೆ ಹೊರಟಿತು. 1902ರ ಅಕ್ಟೋಬರ್ 30ರಂದು ಪಂಜಾಬಿನ ಮುಲ್ಕೋವಾಲ್ ಎಂಬ ಹಳ್ಳಿಯಲ್ಲಿ 107 ಜನರಿಗೆ ಸೂಜಿ ಮಾಡಿದರು. ಕೆಲವೇ ದಿನದಲ್ಲಿ ಅವರಲ್ಲಿ 19 ಜನ ಧನುರ್ವಾಯು ಬಂದು ಸತ್ತರು. ಹತ್ತೊಂಬತ್ತೂ ಜನರಿಗೆ ಲಸಿಕೆ ಕೊಟ್ಟದ್ದು ಒಂದೇ ಬಾಟಲಿಯಿಂದ, ಅದರ ಮೇಲಿನ ನಂಬರು 53.

ತನಿಖೆ ಸಮಿತಿ ಪ್ರಯೋಗಾಲಯದ ಕಡೆ ಬೆರಳು ಮಾಡಿತು. ಲಸಿಕೆ ಹೆಚ್ಚು ಬೇಗ ತಯಾರಾಗಲಿ ಎಂದು ಹಾಫ್‌ಕಿನ್ ಕಾರ್ಬಾಲಿಕ್ ಆಮ್ಲ ಬಿಟ್ಟು, ಕಾಯಿಸುವುದನ್ನೇ ನೆಚ್ಚಿದ್ದರು. ಅದೇ ತಪ್ಪು ಅಂದರು. ಅವರನ್ನು ಕೆಲಸದಿಂದ ದೂರ ಇಟ್ಟರು. 1904ರಲ್ಲಿ ಅವರು ದೇಶ ಬಿಟ್ಟರು. ಲಸಿಕೆಯ ಹೆಸರೂ ಕೆಟ್ಟಿತು. ಪ್ಲೇಗು ಮಾತ್ರ ನಿಲ್ಲಲಿಲ್ಲ, ಮುಂದಿನ ವರ್ಷಗಳಲ್ಲಿ ಪಂಜಾಬಿನಲ್ಲೇ ಲಕ್ಷಗಟ್ಟಲೆ ಜನ ಸತ್ತರು.

ದಾಖಲೆಗಳು ಪ್ರಕಟವಾದ ಮೇಲೆ ಬೇರೆ ವಿಷಯ ಹೊರಬಿತ್ತು. ಬಾಟಲಿ ತೆರೆದಾಗ ಅದರೊಳಗೆ ಕೆಟ್ಟ ವಾಸನೆ ಇರಲಿಲ್ಲ. ಪ್ರಯೋಗಾಲಯದಲ್ಲೇ ಕೆಟ್ಟಿದ್ದರೆ ಅಷ್ಟು ದಿನದಲ್ಲಿ ವಾಸನೆ ಬರಲೇಬೇಕಿತ್ತು. ಹಳ್ಳಿಯಲ್ಲಿ ಬಿರಡೆ ತೆಗೆಯುವಾಗ ಸಹಾಯಕನ ಕೈಯಿಂದ ಇಕ್ಕಳ ನೆಲಕ್ಕೆ ಬಿದ್ದಿತ್ತು. ಅದನ್ನು ಸರಿಯಾಗಿ ಶುದ್ಧ ಮಾಡದೆ ಮತ್ತೆ ಬಳಸಿದ್ದರು. ಧನುರ್ವಾಯುವಿನ ರೋಗಾಣು ಇರುವುದೇ ಮಣ್ಣಿನಲ್ಲಿ. ಮಲೇರಿಯಾ ಸಂಶೋಧನೆಗೆ ನೊಬೆಲ್ ಪಡೆದಿದ್ದ ರೊನಾಲ್ಡ್ ರಾಸ್ ಹಾಗೂ ಹಲವು ವಿಜ್ಞಾನಿಗಳು ಲಂಡನ್ ಪತ್ರಿಕೆಗೆ ಬರೆದು ಹಾಫ್‌ಕಿನ್ ಪರ ನಿಂತರು. 1907ರ ಕೊನೆಗೆ ಸರ್ಕಾರ ಅವರನ್ನು ದೋಷಮುಕ್ತ ಎಂದು ಒಪ್ಪಿಕೊಂಡಿತು.

ಮತ್ತೆ ಕಲ್ಕತ್ತಾಕ್ಕೆ ಬಂದರು. ಆದರೆ ಪರೇಲ್ ಹುದ್ದೆ ಮರಳಲಿಲ್ಲ, ಜನರ ಮೇಲೆ ಹೊಸ ಲಸಿಕೆ ಪರೀಕ್ಷೆಗೆ ಅವಕಾಶ ಸಿಗಲಿಲ್ಲ. 55ರ ವಯಸ್ಸಿಗೆ ನಿವೃತ್ತರಾಗಿ ಯುರೋಪಿಗೆ ಮರಳಿದರು. 1925ರಲ್ಲಿ ಪರೇಲ್ ಪ್ರಯೋಗಾಲಯಕ್ಕೆ ಹಾಫ್‌ಕಿನ್ ಇನ್‌ಸ್ಟಿಟ್ಯೂಟ್ ಎಂದು ಹೆಸರಿಟ್ಟರು. ಈಗಲೂ ಅದೇ ಹೆಸರು. 1930ರ ಅಕ್ಟೋಬರ್ 26ರಂದು ಸ್ವಿಟ್ಜರ್ಲೆಂಡಿನ ಲೌಸಾನ್‌ನಲ್ಲಿ ತೀರಿಕೊಂಡರು. ಮದುವೆ ಆಗಿರಲಿಲ್ಲ.

ಪ್ಲೇಗು ಭಾರತದಲ್ಲಿ ಒಂದು ಕೋಟಿಗೂ ಹೆಚ್ಚು ಜನರನ್ನು ತಿಂದಿತು. ಅದನ್ನು ತಡೆಯಲು ಬಾಟಲಿಯೊಳಗಿನ ಔಷಧ ಒಂದೇ ಸಾಲಲಿಲ್ಲ. ತೋಳು ಕೊಡುವವರ ನಂಬಿಕೆ ಬೇಕಿತ್ತು, ಬಾಟಲಿ ತೆರೆಯುವವರ ಕೈ ಶುದ್ಧ ಇರಬೇಕಿತ್ತು. ಇವತ್ತು ನಮ್ಮ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ನರ್ಸಮ್ಮ ಪ್ರತಿ ಮಗುವಿಗೂ ಹೊಸ ಸಿರಿಂಜ್ ಒಡೆಯುತ್ತಾರೆ, ಲಸಿಕೆ ಬಾಟಲಿ ತೆರೆದ ದಿನ, ಹೊತ್ತು ಅದರ ಮೇಲೇ ಬರೆಯುತ್ತಾರೆ. ಸಾಲಿನಲ್ಲಿ ನಿಂತವರಿಗೆ ಅದು ತಡ ಅನ್ನಿಸಬಹುದು. ಆ ಎರಡು ನಿಮಿಷ ತಪ್ಪಿದರೆ ಏನಾಗುತ್ತದೆ ಅನ್ನೋದು ಮುಲ್ಕೋವಾಲ್‌ನಲ್ಲಿ 19 ಮನೆಗಳಿಗೆ ಗೊತ್ತಾಗಿತ್ತು.