ನೆಲ್ಸನ್ನನ ಪದಕಗಳು

ನಾಣ್ಯ, ಅಂಚೆಚೀಟಿಗಳನ್ನು ಕೂಡಿಡುವ ಹವ್ಯಾಸದವರು ನಮ್ಮಲ್ಲಿ ಅನೇಕರಿದ್ದಾರೆ. ನನ್ನ ಒಲವು ಪದಕಗಳ ಕಡೆಗೆ. ಅವುಗಳನ್ನು ಕೊಳ್ಳುವ ಶಕ್ತಿ ವಿದ್ಯಾರ್ಥಿಗೆಲ್ಲಿಂದ ಬರಬೇಕು? ಆದುದರಿಂದ ಅವುಗಳ ಕಥೆಗಳನ್ನೇ ಕೂಡಿಡುತ್ತಿದ್ದೇನೆ. ಇಂಗ್ಲೆಂಡಿನ ನೌಕಾನಾಯಕ ಹೊರೇಷಿಯೋ ನೆಲ್ಸನ್ನನ ಪದಕಗಳ ಕಥೆ ಅವುಗಳಲ್ಲೊಂದು.

ನೆಲ್ಸನ್ 1758ರಲ್ಲಿ ನಾರ್ಫೋಕ್ ಪ್ರಾಂತದ ಹಳ್ಳಿಯೊಂದರಲ್ಲಿ ಪಾದ್ರಿಯೊಬ್ಬನ ಮಗನಾಗಿ ಜನಿಸಿದನು. ಒಂಬತ್ತನೆಯ ವಯಸ್ಸಿನಲ್ಲಿ ತಾಯಿಯನ್ನು ಕಳೆದುಕೊಂಡನು. ಹನ್ನೆರಡು ತುಂಬಿದಾಗ ಸೋದರಮಾವನ ಹಡಗನ್ನು ಹತ್ತಿದನು. ಮುಂದೆ ‘ಸೀಹಾರ್ಸ್’ ಎಂಬ ಹಡಗಿನಲ್ಲಿ ಮದರಾಸು, ಕಲ್ಕತ್ತ, ಮುಂಬಯಿಗಳಿಗೂ ಬಂದನು. ಅವನು ಕಂಡ ಮೊದಲ ಕಾಳಗ 1775ರಲ್ಲಿ ನಮ್ಮ ಹೈದರಾಲಿಯ ಎರಡು ನೌಕೆಗಳೊಡನೆ ನಡೆದ ಸಣ್ಣ ಚಕಮಕಿ. ಇತಿಹಾಸದ ವಿದ್ಯಾರ್ಥಿಗಳಾದರೂ ಇದನ್ನು ನೆನಪಿಡಬೇಕು! ಇಲ್ಲಿಯ ಜ್ವರ ಅವನನ್ನು ಹಣ್ಣುಮಾಡಿತು. 1776ರಲ್ಲಿ ಅವನನ್ನು ಸ್ವದೇಶಕ್ಕೆ ಕಳುಹಿಸಿದರು. 1794ರಲ್ಲಿ ಬಲಗಣ್ಣಿನ ದೃಷ್ಟಿ ಹೋಯಿತು, 1797ರಲ್ಲಿ ಬಲಗೈ ಹೋಯಿತು.

ಆ ಕಾಲದ ನೌಕಾದಳದ ಚಿನ್ನದ ಪದಕವು 1794ರ ವಿಜಯದ ತರುವಾಯ ಆರಂಭವಾದುದು. ಅದರಲ್ಲಿ ಎರಡು ಗಾತ್ರ. ದೊಡ್ಡದು ಅಡ್ಮಿರಲ್ಲರ ಕೊರಳಿಗೆ, ಚಿಕ್ಕದು ಕ್ಯಾಪ್ಟನ್ನರ ಕೋಟಿನ ಗುಂಡಿಗೆ. ಫಿರಂಗಿಗೆ ಮದ್ದು ತುಂಬಿದ ಸಾಮಾನ್ಯ ನಾವಿಕನಿಗೆ ಯಾವ ಗಾತ್ರದ್ದೂ ಇಲ್ಲ. ಸೇಂಟ್ ವಿನ್ಸೆಂಟ್ (1797), ನೈಲ್ (1798) ಕದನಗಳಿಗಾಗಿ ನೆಲ್ಸನ್ನನಿಗೆ ದೊಡ್ಡ ಪದಕಗಳೇ ಬಂದವು. ನೈಲ್ ವಿಜಯದಿಂದ ನೆಪೋಲಿಯನ್ನನಿಗೆ ಭಾರತದ ದಾರಿ ಮುಚ್ಚಿತೆಂದು ಈಸ್ಟ್ ಇಂಡಿಯಾ ಕಂಪೆನಿ 10,000 ಪೌಂಡು ಕೊಟ್ಟಿತು. ತುರ್ಕಿಯ ಸುಲ್ತಾನ ಮೂರನೆಯ ಸಲೀಮನು ವಜ್ರದ ತುರಾಯಿಯೊಂದನ್ನು ಕಳುಹಿಸಿದನು. ಅದಕ್ಕೆ ಹದಿಮೂರು ಕಿರಣಗಳು. ಕೀಲಿ ಕೊಟ್ಟರೆ ನಡುವಿನ ಹೂವು ತಿರುಗುತ್ತಿತ್ತು. ನೆಲ್ಸನ್ ಅದನ್ನು ಟೋಪಿಗೆ ಸಿಕ್ಕಿಸಿಕೊಂಡು, ಎದೆಯ ತುಂಬ ಬಿರುದುಗಳನ್ನು ಧರಿಸಿ ಓಡಾಡಿದಾಗ ನಕ್ಕವರು ಬಹಳ ಮಂದಿ. ಅವನಿಗೆ ಒಣಜಂಭವಿತ್ತು, ಅದನ್ನು ನಾನು ಅಲ್ಲಗಳೆಯಲಾರೆ.

ಆದರೆ ತನಗೆ ಮಾತ್ರ ಬೇಕೆಂಬ ಸ್ವಭಾವ ಅವನದಲ್ಲ. ನೈಲ್ ಕದನದ ಬಳಿಕ ಅವನ ವ್ಯವಹಾರ ನೋಡಿಕೊಳ್ಳುತ್ತಿದ್ದ ಡೇವಿಸನ್ ಎಂಬಾತನು ಸ್ವಂತ ಖರ್ಚಿನಿಂದ ಎಲ್ಲರಿಗೂ ಪದಕ ಮಾಡಿಸಿದನು: ನಾಯಕರಿಗೆ ಚಿನ್ನ, ಅಧಿಕಾರಿಗಳಿಗೆ ಬೆಳ್ಳಿ, ನಾವಿಕರಿಗೆ ತಾಮ್ರ. ಸರ್ಕಾರ ಮಾಡದಿದ್ದುದನ್ನು ಒಬ್ಬ ವ್ಯಾಪಾರಿ ಮಾಡಿದನು. 1801ರ ಕೋಪನ್‌ಹೇಗನ್ ಕದನ ಬಹು ಘೋರವಾದುದು. ಗೆದ್ದರೂ ಯಾರಿಗೂ ಪದಕವಿಲ್ಲ. ಲಂಡನ್ ನಗರಸಭೆ ವಂದನೆಯನ್ನೂ ಹೇಳಲಿಲ್ಲ. ತನ್ನ ಕ್ಯಾಪ್ಟನ್ನರಿಗೆ ನ್ಯಾಯ ಸಿಗಲೆಂದು ನೆಲ್ಸನ್ ಮಂತ್ರಿಗಳಿಗೆ ಮತ್ತೆ ಮತ್ತೆ ಬರೆದನು, ನಗರದ ಮೇಯರನಿಗೂ ಬರೆದನು. ಫಲವಾಗಲಿಲ್ಲ. ಕೊನೆಗೆ 1847ರಲ್ಲಿ ಸ್ಥಾಪಿತವಾದ ನೌಕಾಸೇವಾ ಪದಕದಲ್ಲಿ ಕೋಪನ್‌ಹೇಗನ್ನಿನ ಹೆಸರು ಸೇರಿತು. ಅಷ್ಟು ಹೊತ್ತಿಗೆ ನಲವತ್ತಾರು ವರ್ಷ ಕಳೆದಿತ್ತು. ಬದುಕುಳಿದಿದ್ದ ಮುದುಕರು ಅರ್ಜಿ ಹಾಕಿ ಪಡೆಯಬೇಕಾಯಿತು. ನನ್ನ ಮಟ್ಟಿಗೆ, ನೆಲ್ಸನ್ನನ ದೊಡ್ಡತನ ಅವನು ಧರಿಸಿದ ಪದಕಗಳಿಗಿಂತ ಸೋತ ಈ ಪತ್ರಯುದ್ಧದಲ್ಲಿ ಹೆಚ್ಚಾಗಿ ಕಾಣುತ್ತದೆ.

1805ರ ಅಕ್ಟೋಬರ್ 21ರಂದು ಟ್ರಫಾಲ್ಗರಿನಲ್ಲಿ, ‘ವಿಕ್ಟರಿ’ ಹಡಗಿನ ಮೇಲೆ ನಿಂತಿದ್ದ ಅವನಿಗೆ ಗುಂಡು ತಗುಲಿತು. ಹೊಳೆಯುವ ಪದಕಗಳೇ ಶತ್ರುವಿಗೆ ಗುರಿಯಾದವೆಂಬ ಮಾತು ಜನಪ್ರಿಯ. ನಾನಿದನ್ನು ಪೂರ್ತಿ ಒಪ್ಪಲಾರೆ. ಅಂದು ಅವನು ತೊಟ್ಟಿದ್ದುದು ದಿನಬಳಕೆಯ ಕೋಟು. ಅದರ ಎದೆಯ ಮೇಲಿದ್ದುವು ನೂಲು, ಮಿಣುಕುಗಳಿಂದ ಹೊಲಿದ ನಾಲ್ಕು ನಕ್ಷತ್ರಗಳ ನಕಲು. ಸಮುದ್ರವೆಲ್ಲ ಹೊಗೆಯಿಂದ ಮುಚ್ಚಿತ್ತು. ಎಡಭುಜದಲ್ಲಿ ಗುಂಡಿನ ತೂತಿರುವ ಆ ಕೋಟು ಗ್ರೀನಿಚ್ಚಿನ ವಸ್ತುಸಂಗ್ರಹಾಲಯದಲ್ಲಿದೆ. ಮೂರನೆಯ ಚಿನ್ನದ ಪದಕ ಅವನ ಮರಣಾನಂತರ ಮನೆಯವರ ಕೈಸೇರಿತು.

ಸುಲ್ತಾನನ ತುರಾಯಿ 1951ರಲ್ಲಿ ಅದೇ ಸಂಗ್ರಹಾಲಯದಿಂದ ಕಳುವಾಯಿತು, ಮತ್ತೆ ಸಿಗಲಿಲ್ಲ. ಡೇವಿಸನ್ನನ ತಾಮ್ರದ ಪದಕಗಳಾದರೋ ಸಂಗ್ರಾಹಕರ ಪೆಟ್ಟಿಗೆಗಳಲ್ಲಿ ಇನ್ನೂ ಇವೆ. ಕೆಲವುಗಳ ಮೇಲೆ ಅವುಗಳನ್ನು ಪಡೆದ ನಾವಿಕರ ಹೆಸರುಗಳನ್ನು ಕೊರೆದದ್ದುಂಟು.